ಕೆರೆ ಏರಿ ಕಾಯುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಕೆರೆ ಏರಿ (ನೀರು ನಿಲ್ಲಿಸುವ ಮಣ್ಣಿನ ಕಟ್ಟೆ), ಕೋಡಿ (ತುಂಬಿದ ಕೆರೆಯ ಹೆಚ್ಚುವರಿ ನೀರು ಹರಿದುಹೋಗುವ ಜಾಗ), ತೂಬುಗಳ (ಬೇಕಾದಾಗ ನೀರು ಬಿಡುವ ಗಂಡಿ) ಬಗ್ಗೆ ಪತ್ರಗಳು ಬಂದಿವೆ. ಊರ ಕೆರೆಗಳು ಈಗ ವಾಕಿಂಗ್, ಬೋಟಿಂಗ್, ಭಾನುವಾರದ ಸುತ್ತಾಟದ ಜಾಗಗಳೂ ಆಗಿರುವುದರಿಂದ ಹೆಚ್ಚಿನ ಪ್ರಶ್ನೆಗಳು ಆ ಕಡೆಗೇ ತಿರುಗಿವೆ. ಮಣ್ಣಿನ ಏರಿಗಳ ನಿರ್ವಹಣೆಯಲ್ಲಿ ಪಳಗಿದ ಎಂಜಿನಿಯರುಗಳು ಉತ್ತರಿಸಿದ್ದಾರೆ.

ನಮ್ಮೂರ ಕೆರೆಯಲ್ಲಿ ಬೋಟಿಂಗ್ ಇದೆ. ಬೇಸಿಗೆಗೂ ನೀರು ಉಳಿಯಲಿ ಎಂದು ಕೋಡಿಯ ಮೇಲೆ ಅರ್ಧ ಮೀಟರ್ ಎತ್ತರಕ್ಕೆ ಮರಳಿನ ಮೂಟೆ ಪೇರಿಸಿದ್ದಾರೆ. ಏರಿಯ ನೆತ್ತಿ ಅದಕ್ಕಿಂತ ಇನ್ನೂ ಒಂದು ಮೀಟರ್ ಮೇಲಿದೆ. ಆದರೂ ಅಪಾಯವೇ? — ಗ್ರಾಮ ಪಂಚಾಯ್ತಿ ಸದಸ್ಯರು, ತುಮಕೂರು ಜಿಲ್ಲೆ

ಅಪಾಯವೇ. ಮಳೆ ಬೀಳುವ ಮೊದಲು ತೆಗೆಸಿ.

ಲೆಕ್ಕ ನೋಡಿ. ಕೋಡಿಯ ಉದ್ದ 20 ಮೀಟರ್ ಎಂದುಕೊಳ್ಳಿ. ನೀವು ಹೇಳುವ ಪ್ರಕಾರ ಮೂಟೆ ಇಡುವ ಮೊದಲು ಕೋಡಿಯಿಂದ ಏರಿಯ ನೆತ್ತಿಗೆ ಒಂದೂವರೆ ಮೀಟರ್ ಅಂತರವಿತ್ತು. ಅದರಲ್ಲಿ ಅರ್ಧ ಮೀಟರನ್ನು ಅಲೆಗೆ, ಏರಿ ಕುಸಿದು ತಗ್ಗಾದ ಜಾಗಕ್ಕೆ ಎಂದು ಬಿಡಲೇಬೇಕು. ಉಳಿದ ಒಂದು ಮೀಟರ್ ದಪ್ಪದ ನೀರು ಕೋಡಿಯ ಮೇಲೆ ಹರಿಯಬಹುದು. ಅಗಲ ನೆತ್ತಿಯ ಕೋಡಿಗೆ ಸೂತ್ರ ಸರಳ: 1.7 ಗುಣಿಸು ಕೋಡಿಯ ಉದ್ದ ಗುಣಿಸು ನೀರಿನ ದಪ್ಪದ ಒಂದೂವರೆ ಘಾತ. ಒಂದು ಮೀಟರ್ ದಪ್ಪಕ್ಕೆ ಸೆಕೆಂಡಿಗೆ 34 ಘನ ಮೀಟರ್, ಅಂದರೆ ಸುಮಾರು 1,200 ಕ್ಯೂಸೆಕ್ಸ್. ಮೂಟೆ ಇಟ್ಟ ಮೇಲೆ ಉಳಿಯುವ ದಪ್ಪ ಅರ್ಧ ಮೀಟರ್. ಆಗ ಹರಿಯುವುದು 12 ಘನ ಮೀಟರ್, ಸುಮಾರು 425 ಕ್ಯೂಸೆಕ್ಸ್ ಮಾತ್ರ. ದಪ್ಪ ಅರ್ಧಕ್ಕಿಳಿದರೆ ಹರಿವು ಮೂರರಲ್ಲಿ ಒಂದು ಪಾಲಿಗೆ ಬೀಳುತ್ತದೆ. ಉಳಿದ ನೀರು ಮೊದಲು ನೀವು ಬಿಟ್ಟ ಆ ಅರ್ಧ ಮೀಟರನ್ನು ನುಂಗಿ, ಆಮೇಲೆ ಏರಿಯ ಮೇಲೆ ಹತ್ತುತ್ತದೆ.

ಮಣ್ಣಿನ ಏರಿ ಎಂಥ ಗಟ್ಟಿಯದಾದರೂ ಮೇಲಿಂದ ಹರಿಯುವ ನೀರನ್ನು ತಡೆಯಲಾರದು. ಹೊರಮೈಯ ಇಳಿಜಾರಿನಲ್ಲಿ ನೀರು ವೇಗ ಪಡೆದು ಬುಡವನ್ನು ಕೊರೆಯುತ್ತದೆ, ಆ ಕೊರಕಲು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ನೆತ್ತಿಯತ್ತ ಸರಿಯುತ್ತದೆ, ನೆತ್ತಿ ಕುಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಕೆರೆ ಬರಿದಾಗುತ್ತದೆ. 1979ರ ಆಗಸ್ಟ್ 11ರಂದು ಗುಜರಾತಿನ ಮೋರ್ಬಿಯ ಮೇಲೆ ಬಂದ ಮಚ್ಛು-2 ಅಣೆಕಟ್ಟಿನ ದುರಂತ ಇಂಥದೇ. ನಡುವಿನ ಕಲ್ಲು ಕಟ್ಟಡ ನಿಂತಿತ್ತು, ಎರಡೂ ಕಡೆಯ ಮಣ್ಣಿನ ಏರಿಗಳು ಕೊಚ್ಚಿಹೋದವು.

"ಪ್ರವಾಹ ಬಂದರೆ ಮೂಟೆ ತಾನೇ ಹೋಗುತ್ತದೆ ಬಿಡಿ" ಎನ್ನುವವರು ಇದ್ದಾರೆ. ಹೋದರೆ ಒಟ್ಟಿಗೇ ಹೋಗುತ್ತದೆ. ಆ ಅರ್ಧ ಮೀಟರ್ ನೀರು ಒಂದೇ ಸಲಕ್ಕೆ ಕೆಳಗಿನ ಕೆರೆಗೆ ನುಗ್ಗುತ್ತದೆ. ನಮ್ಮ ಕೆರೆಗಳು ಬಹುಪಾಲು ಸರಣಿಯಲ್ಲಿವೆ. ಒಂದರ ಕೋಡಿ ನೀರೇ ಮುಂದಿನದರ ಒಳಹರಿವು.

ಮೂಟೆಯಷ್ಟೇ ಕೆಟ್ಟದ್ದು ಇನ್ನೊಂದಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೀನು ತಪ್ಪಿಸಿಕೊಳ್ಳದಿರಲಿ ಎಂದು ಮೀನಿನ ಗುತ್ತಿಗೆದಾರರು ಕೋಡಿಗೆ ಅಡ್ಡಲಾಗಿ ಬಿದಿರು ತಟ್ಟಿ, ಬಲೆ ಕಟ್ಟುತ್ತಾರೆ. ಮೊದಲ ಮಳೆಗೆ ಅಂತರಗಂಗೆ, ಜೊಂಡು, ಪ್ಲಾಸ್ಟಿಕ್ ಎಲ್ಲ ಬಂದು ಅದಕ್ಕೆ ಮೆತ್ತಿಕೊಂಡು ಗೋಡೆಯೇ ಆಗುತ್ತದೆ. ಬಲೆ ಬೇಕೇಬೇಕು ಎಂದರೆ ಕೋಡಿಯ ನೆತ್ತಿಯಿಂದ ಒಳಗೆ ದೂರದಲ್ಲಿ, ಒಂದೇ ಹಗ್ಗ ಎಳೆದರೆ ಕಳಚುವಂತೆ ಕಟ್ಟಲಿ.

ನಿಜವಾಗಿಯೂ ಹೆಚ್ಚು ನೀರು ನಿಲ್ಲಿಸಬೇಕೆಂದರೆ ಕೋಡಿಯನ್ನು ಅರ್ಧ ಮೀಟರ್ ಎತ್ತರಿಸಿ, ಅದೇ 34 ಘನ ಮೀಟರ್ ಹರಿಯುವಂತೆ ಉದ್ದವನ್ನು 20ರಿಂದ ಸುಮಾರು 57 ಮೀಟರಿಗೆ ಹೆಚ್ಚಿಸಬೇಕು. ಕೆರೆಯ ಹಿನ್ನೀರು ಯಾರ ಜಮೀನಿಗೆ ನುಗ್ಗುತ್ತದೆ ಎಂದೂ ನೋಡಬೇಕು. ಹೂಳು ತೆಗೆಯುವುದು ಇನ್ನೊಂದು ದಾರಿ.

ಕೆರೆ ತುಂಬಿದಾಗಲೆಲ್ಲ ಏರಿಯ ಹೊರಬುಡ ಜವುಗಾಗುತ್ತದೆ. ಒಂದು ಕಡೆ ಸಣ್ಣಗೆ ನೀರು ಜಿನುಗುತ್ತದೆ. ಹೊರಗಿನಿಂದ ಜೇಡಿಮಣ್ಣು ತುಂಬಿ ಸಿಮೆಂಟ್ ಪ್ಲಾಸ್ಟರ್ ಮಾಡಿದರೆ ನಿಲ್ಲುತ್ತದೆ ಎಂದು ಮೇಸ್ತ್ರಿ ಹೇಳುತ್ತಾರೆ. ಮಾಡಿಸಬಹುದೇ? — ಕೆರೆ ಸಂಘದ ಕಾರ್ಯದರ್ಶಿ, ಚಿಕ್ಕಬಳ್ಳಾಪುರ

ಖಂಡಿತ ಬೇಡ. ನೀರನ್ನು ಒಳಗಿನಿಂದ ತಡೆಯಬೇಕು, ಹೊರಗೆ ದಾರಿ ಬಿಡಬೇಕು. ಹೊರಗಿನಿಂದ ಮುಚ್ಚಿದರೆ ನೀರಿನ ಒತ್ತಡ ಏರಿಯ ಹೊಟ್ಟೆಯೊಳಗೇ ಏರುತ್ತದೆ, ಮಣ್ಣು ನೆನೆದು ಹೊರಮೈ ಜಾರುತ್ತದೆ. ಇಲ್ಲವೇ ಪ್ಲಾಸ್ಟರಿನ ಪಕ್ಕದಲ್ಲೋ ಮೇಲೋ ಹೊಸ ಕಡೆ ನೀರು ಹೊರಡುತ್ತದೆ.

ಜಿನುಗದ ಮಣ್ಣಿನ ಏರಿ ಇಲ್ಲ. ಜಿನುಗು ಎಲ್ಲಿದೆ, ಎಷ್ಟಿದೆ, ಮಣ್ಣು ತರುತ್ತಿದೆಯೇ ಎಂಬುದಷ್ಟೇ ಮುಖ್ಯ. ಒಂದು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ ಆ ನೀರು ಹಿಡಿದು, ಅಲ್ಲಾಡಿಸದೆ ಅರ್ಧ ಗಂಟೆ ಇಡಿ. ಹಿಡಿಯುವಾಗ ಕೆಳಗಿನ ಕೆಸರು ಕದಡಬಾರದು, ಅಂಗೈಯಿಂದ ಗುಳಿ ಮಾಡಿ ಅದು ತಿಳಿಯಾದ ಮೇಲೆ ಬಾಟಲಿ ಅದ್ದಿ. ತಳದಲ್ಲಿ ಏನೂ ಕೂರದಿದ್ದರೆ ಸದ್ಯಕ್ಕೆ ನೆಮ್ಮದಿ. ತೆಳುವಾಗಿ ಮಣ್ಣು ಕುಳಿತಿದ್ದರೆ ಏರಿ ಒಳಗಿನಿಂದ ಕರಗುತ್ತಿದೆ ಎಂದರ್ಥ. ನೀರು ಮಣ್ಣನ್ನು ಹೊರಗಿನಿಂದ ಒಳಕ್ಕೆ ಕೊರೆಯುತ್ತಾ ಕೆರೆಯವರೆಗೂ ಕೊಳವೆಯಂಥ ದಾರಿ ಮಾಡಿಕೊಳ್ಳುತ್ತದೆ. ಆ ದಾರಿ ಕೂಡಿದ ದಿನ ಏರಿ ಉಳಿಯುವುದಿಲ್ಲ. ಅಂಥ ಸೂಚನೆ ಕಂಡರೆ ತೂಬು ತೆರೆದು ನೀರು ಇಳಿಸಲು ಶುರುಮಾಡಿ, ಸಣ್ಣ ನೀರಾವರಿ ಇಲಾಖೆಗೋ ಜಿಲ್ಲಾ ಪಂಚಾಯ್ತಿ ಎಂಜಿನಿಯರಿಗೋ ಅದೇ ದಿನ ತಿಳಿಸಿ.

ಪ್ರಮಾಣ ಅಳೆಯಲು ದೊಡ್ಡ ಉಪಕರಣ ಬೇಡ. ಜಿನುಗಿನ ಮುಂದೆ ಸಣ್ಣ ಮಣ್ಣಿನ ಕಟ್ಟೆ ಹಾಕಿ, ಅದರಲ್ಲಿ ಒಂದು ಪಿವಿಸಿ ಪೈಪು ತೂರಿಸಿ, 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕು ಎಂದು ವಾರಕ್ಕೊಮ್ಮೆ ಬರೆದಿಡಿ. ಪಕ್ಕದಲ್ಲೇ ಆ ದಿನದ ಕೆರೆಯ ಮಟ್ಟವನ್ನೂ ಬರೆಯಿರಿ. ಕೆರೆ ಏರಿದಾಗ ಜಿನುಗು ಏರುವುದು ಸಹಜ. ಕೆರೆಯ ಮಟ್ಟ ಅಷ್ಟೇ ಇದ್ದು ಬಕೆಟ್ ಬೇಗ ತುಂಬತೊಡಗಿದರೆ, ಅಥವಾ ಜಿನುಗು ಬುಡ ಬಿಟ್ಟು ಹೊರಮೈಯಲ್ಲಿ ಮೇಲೆ ಮೇಲೆ ಕಾಣತೊಡಗಿದರೆ ತಡಮಾಡಬೇಡಿ.

ತಿಳಿನೀರಿನ ಜಿನುಗಿಗೆ ಮದ್ದು ತಿರುವು ಸೋಸುಪದರ. ಜವುಗು ಜಾಗದ ಹುಲ್ಲು, ಬೇರು, ಕೆಸರು ಕೆತ್ತಿ ತೆಗೆದು, ಜವುಗಿನ ಅಂಚಿನಿಂದ ಸುತ್ತಲೂ ಒಂದು ಮೀಟರ್ ಆಚೆಗೂ ಬರುವಂತೆ ಮೊದಲು 30 ಸೆಂ.ಮೀ. ದಪ್ಪ ತೊಳೆದ ದಪ್ಪ ಮರಳು, ಅದರ ಮೇಲೆ 30 ಸೆಂ.ಮೀ. 10–20 ಮಿ.ಮೀ. ಜಲ್ಲಿ, ಅದರ ಮೇಲೆ ಕಾಡುಕಲ್ಲು. ಸಣ್ಣದು ಕೆಳಗೆ, ದಪ್ಪದ್ದು ಮೇಲೆ. ಮರಳು ಮಣ್ಣಿನ ಕಣ ತಡೆಯುತ್ತದೆ, ಜಲ್ಲಿ ಮರಳನ್ನು ತಡೆಯುತ್ತದೆ, ಕಲ್ಲಿನ ಭಾರ ಎಲ್ಲವನ್ನೂ ಹಿಡಿದಿಡುತ್ತದೆ. ನೀರು ಮಾತ್ರ ಹೊರಬರುತ್ತದೆ. ಕೆಲಸಗಾರರು ಮರಳು ಬಿಟ್ಟು ನೇರ ಜಲ್ಲಿ ಸುರಿಯುವುದು ಸಾಮಾನ್ಯ. ಹಾಗೆ ಮಾಡಿದರೆ ಸಂದಿಯಿಂದ ಮಣ್ಣು ಹೋಗುತ್ತಲೇ ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ ಅಷ್ಟೇ. ಪುಡಿ ತುಂಬಿದ ಎಂ-ಸ್ಯಾಂಡ್ ಕೂಡ ಬೇಡ, ಅದು ಕಟ್ಟಿಕೊಳ್ಳುತ್ತದೆ. ಸೋಸಿದ ನೀರು ಸಾಗಲು ಬುಡದುದ್ದಕ್ಕೆ ಒಂದು ಚರಂಡಿ ಇರಲಿ.

ನೆಲದಿಂದ ನೀರು ಮರಳು ಸಮೇತ ಕುದಿಯುವಂತೆ ಉಕ್ಕುತ್ತಿದ್ದರೆ ಅದರ ಬಾಯಿ ಮುಚ್ಚಬೇಡಿ. ಸುತ್ತ ಮರಳಿನ ಮೂಟೆಯ ಉಂಗುರ ಕಟ್ಟಿ, ಒಳಗೆ ನೀರು ಏರಲು ಬಿಡಿ. ಮಣ್ಣು ಬರುವುದು ನಿಂತ ಮಟ್ಟದಲ್ಲಿ ಒಂದು ಪೈಪಿನ ಮೂಲಕ ತಿಳಿನೀರನ್ನು ಹೊರಬಿಡಿ. ಮೂಟೆಗಳಿಗೆ ಇದೇ ಸರಿಯಾದ ಜಾಗ, ಕೋಡಿಯಲ್ಲ.

ಜಿನುಗು ತೂಬಿನ ಪಕ್ಕದಲ್ಲಿದ್ದರೆ ಕಥೆಯೇ ಬೇರೆ. ಹಳೆಯ ಕಲ್ಲು ತೂಬಿನ ಸಂದಿಯ ಗಾರೆ ಉದುರಿ, ನೀರು ತೂಬಿನ ಗೋಡೆಯನ್ನು ತಬ್ಬಿಕೊಂಡು ಹರಿಯುತ್ತದೆ. ಅದಕ್ಕೆ ಸೋಸುಪದರವೊಂದೇ ಸಾಲದು, ಕೆರೆ ಬತ್ತಿದಾಗ ಏರಿ ಬಿಚ್ಚಿ ತೂಬು ದುರಸ್ತಿ ಮಾಡಬೇಕು.

ಏರಿಯ ಮೇಲೆ ನೂರು ವರ್ಷದ ಹುಣಸೆ ಮರಗಳಿವೆ. ಕಡಿಯಬೇಕು ಎನ್ನುತ್ತಾರೆ, ಊರವರು ಒಪ್ಪುತ್ತಿಲ್ಲ. — ಶಾಲಾ ಶಿಕ್ಷಕರು, ಕೋಲಾರ

ಊರವರ ಹಟದಲ್ಲೂ ಸ್ವಲ್ಪ ನ್ಯಾಯವಿದೆ. ಜೀವಂತ ಮರಕ್ಕಿಂತ ಕಡಿದ ಮರದ ಬೊಡ್ಡೆ ಹೆಚ್ಚು ಅಪಾಯ. ಬೇರು ಕೊಳೆತು, ಕೆಲವು ವರ್ಷದಲ್ಲಿ ಏರಿಯೊಳಗೆ ತೋಳಿನಷ್ಟು ದಪ್ಪದ ಸುರಂಗಗಳು ಉಳಿಯುತ್ತವೆ. ಹಾಗೆಂದು ಬಿಟ್ಟರೆ, ಬಿರುಗಾಳಿಗೆ ಮರ ಬುಡಸಮೇತ ಉರುಳಿ ಏರಿಯ ಅರ್ಧ ಮೈಯನ್ನೇ ಕಿತ್ತುಕೊಂಡು ಹೋಗಬಹುದು.

ತುಂಬಿದ ಕೆರೆಯಲ್ಲಿ ಮರ ಮುಟ್ಟಬೇಡಿ. ಒಣಗಿದ, ವಾಲಿದ, ಹೊರಮೈಯ ಕೆಳ ಅರ್ಧದಲ್ಲಿರುವ ಮರಗಳನ್ನು ಬೇಸಿಗೆಯಲ್ಲಿ ಮೊದಲು ತೆಗೆಯಿರಿ. ಮರ ತೆಗೆಯುವುದೆಂದರೆ ಬೊಡ್ಡೆ ಮತ್ತು ದಪ್ಪ ಬೇರು ಅಗೆದು, ಗುಂಡಿಯ ಗೋಡೆಗಳನ್ನು ಇಳಿಜಾರಾಗಿ ಕತ್ತರಿಸಿ, ಏರಿಯದೇ ಬಗೆಯ ಮಣ್ಣನ್ನು 15 ಸೆಂ.ಮೀ. ಪದರ ಹಾಕಿ ದಮ್ಮಸ್ಸು ಮಾಡುವುದು. ಬೊಡ್ಡೆ ಬಿಟ್ಟರೆ ಕಡಿಯದಿರುವುದೇ ವಾಸಿ. ಉಳಿದ ಗಟ್ಟಿ ಮರಗಳ ಕೊಂಬೆ ಹಗುರಮಾಡಿ ಕಾಯಿರಿ. ಹೊಸ ಸಸಿ ಮಾತ್ರ ಏರಿಯ ಮೇಲೆ ಬೇಡವೇ ಬೇಡ. ಹೊರಬುಡದಿಂದ ಎಂಟು ಮೀಟರಾಚೆ ಎಷ್ಟಾದರೂ ಹೊಂಗೆ ನೆಡಿ. ಹೊರಮೈಗೆ ಗರಿಕೆಯೇ ಸಾಕು. ಬಳ್ಳಾರಿ ಜಾಲಿ, ಲಂಟಾನವನ್ನು ವರ್ಷಕ್ಕೆ ಎರಡು ಸಲ ಸವರಿಸಿ, ಪೊದೆಯ ಕೆಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣುವುದಿಲ್ಲ.

ಏರಿಯಲ್ಲಿ ಏಡಿ ಬಿಲಗಳು, ಒಂದು ದೊಡ್ಡ ಹುತ್ತವೂ ಇದೆ. ಇಷ್ಟು ಸಣ್ಣ ತೂತಿನಿಂದ ಏರಿ ಒಡೆಯುತ್ತದೆಯೇ? — ರೈತರು, ಹಾಸನ

2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಸಣ್ಣ ಮಣ್ಣಿನ ಅಣೆಕಟ್ಟು ಒಡೆದು ಜನ ಸತ್ತರು. ಅಲ್ಲಿನ ಸಚಿವರು ಏಡಿಗಳ ಕಡೆ ಕೈತೋರಿಸಿ ನಗೆಪಾಟಲಾದರು. ಏಡಿ, ಹೆಗ್ಗಣ, ಮುಳ್ಳುಹಂದಿ ಏರಿಯನ್ನು ದುರ್ಬಲ ಮಾಡುವುದು ನಿಜ. ಆದರೆ ಬಿಲಗಳು ಒಂದೇ ರಾತ್ರಿಯಲ್ಲಿ ಆಗುವುದಿಲ್ಲ, ವರ್ಷಗಟ್ಟಲೆ ಯಾರೂ ನೋಡದಿದ್ದರೆ ಆಗುತ್ತವೆ.

ಬಿಲದ ಬಾಯಿಗೆ ಒಂದು ಬುಟ್ಟಿ ಮಣ್ಣು ತುರುಕಿದರೆ ಪ್ರಯೋಜನವಿಲ್ಲ. ಒಂಬತ್ತು ಪಾಲು ಮಣ್ಣಿಗೆ ಒಂದು ಪಾಲು ಸಿಮೆಂಟ್ ಸೇರಿಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಪೈಪು ತೂರಿಸಿ ಬಿಲ ತುಂಬುವವರೆಗೂ ಹೊಯ್ಯಿರಿ. ಆಳದ ಬಿಲವಾದರೆ ಬೇಸಿಗೆಯಲ್ಲಿ ಅಗೆದು ಮಣ್ಣು ಕೂರಿಸುವುದೇ ಸರಿ. ಹುತ್ತದ ಕೆಳಗೆ ಗೆದ್ದಲಿನ ಪೊಳ್ಳು ಗೂಡುಗಳು ಆಳದವರೆಗೂ ಇರಬಹುದು. ಪೂಜೆ ನಡೆಯುವ ಹುತ್ತವಾದರೆ ಊರ ಹಿರಿಯರನ್ನು ಕೂರಿಸಿಕೊಂಡು ಮಾತಾಡಿ, ಬೇರೆಡೆ ಜಾಗ ಮಾಡಿಕೊಟ್ಟ ಮೇಲೆ ಕೈಹಾಕಿ.

ಏರಿಯ ಮೇಲೆ ವಾಕಿಂಗ್ ಪಾತ್, ಬೆಂಚು, ದೀಪದ ಕಂಬ, ಮಕ್ಕಳ ಆಟದ ಸಾಮಾನು ಹಾಕಲು ಅನುದಾನ ಬಂದಿದೆ. ಏನೆಲ್ಲ ಗಮನಿಸಬೇಕು? — ಪಟ್ಟಣ ಪಂಚಾಯ್ತಿ ಸದಸ್ಯರು

ನೆತ್ತಿಯ ಅಗಲ ಅಳೆಯಿರಿ. ತಗ್ಗಿನ ಏರಿಗೆ ಎತ್ತರದ ಐದನೇ ಒಂದು ಪಾಲಿಗೆ ಮೂರು ಮೀಟರ್ ಕೂಡಿಸಿದಷ್ಟು ಅಗಲ ಬೇಕು. 5 ಮೀಟರ್ ಎತ್ತರದ ಏರಿಗೆ 4 ಮೀಟರ್. ಅದಕ್ಕಿಂತ ಕಡಿಮೆ ಇದ್ದರೆ ಅನುದಾನ ಮೊದಲು ಮಣ್ಣಿಗೆ ಹೋಗಲಿ, ಬೆಂಚಿಗಲ್ಲ.

ಕಾಂಕ್ರೀಟ್, ಇಂಟರ್‌ಲಾಕ್ ಟೈಲ್ಸ್ ನೋಡಲು ಚೆಂದ. ಆದರೆ ಕೆಳಗೆ ಏರಿ ಕುಸಿದರೂ ಬಿರುಕು ಬಿಟ್ಟರೂ ಮೇಲೆ ಗೊತ್ತಾಗುವುದಿಲ್ಲ. ಗಟ್ಟಿಸಿದ ಗ್ರಾವೆಲ್ ದಾರಿ ಸಾಕು. ಅದು ಕೆರೆಯ ಕಡೆಗೆ ಸ್ವಲ್ಪ ವಾಲಿರಲಿ, ನೂರಕ್ಕೆ ಎರಡು–ಮೂರರಷ್ಟು, ಮಳೆನೀರು ಹೊರಮೈಗೆ ಬೀಳದಂತೆ. ಹೊರಮೈಯಲ್ಲಿ ಕಾಣುವ ಕೊರಕಲುಗಳಲ್ಲಿ ಬಹುಪಾಲು ನೆತ್ತಿಯ ನೀರಿನವೇ.

ದೀಪದ ಕಂಬಕ್ಕೆ ಒಂದೂವರೆ ಮೀಟರ್ ಗುಂಡಿ, ಕೇಬಲ್ಲಿಗೆ ಉದ್ದಕ್ಕೂ ಚರಂಡಿ, ಕುಡಿಯುವ ನೀರಿಗೆ ಪೈಪು ಎಂದು ಏರಿಯನ್ನು ಅಗೆಯುವುದಕ್ಕೆ ಒಪ್ಪಬೇಡಿ. ಕಂಬಗಳು ಹೊರಬುಡದಾಚೆ ನಿಲ್ಲಲಿ, ಬೆಳಕು ಮೇಲಕ್ಕೆ ಬರಲಿ. ಏರಿಗೆ ಅಡ್ಡಲಾಗಿ ಯಾವ ಪೈಪೂ ಹೋಗಬಾರದು. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ಬಡಾವಣೆಗಳಿಗೆ ನೀರು ನುಗ್ಗಿದ್ದು ಅಗೆದ ಜಾಗದಿಂದಲೇ. ಆಟದ ಸಾಮಾನು, ಶೌಚಾಲಯ, ತಿಂಡಿ ಅಂಗಡಿಗಳು ಪಕ್ಕದ ಗಟ್ಟಿ ನೆಲದಲ್ಲಿರಲಿ. ಬೋಟ್ ಹತ್ತುವ ಕಟ್ಟೆ ತೂಬಿನಿಂದಲೂ ಕೋಡಿಯಿಂದಲೂ ದೂರ, ಕೆರೆಯ ದಂಡೆಯ ಕಡೆ. ಒಳಮೈಯ ಕಲ್ಲುಹಾಸನ್ನು ಮೆಟ್ಟಿಲಿಗೆಂದು ಕಿತ್ತರೆ ಅಲೆಗಳು ಅಲ್ಲಿಂದಲೇ ಮಣ್ಣು ತಿನ್ನುತ್ತವೆ. ವಾಹನ ತಡೆಯಲು ಎರಡೂ ತುದಿಗೆ ಬೀಗದ ಗೇಟು, ಬೀಗದ ಕೈ ನೀರುಗಂಟಿಯ ಬಳಿ.

ಅಂದ ಹಾಗೆ, ಬಿರುಕಿನ ವಿಷಯ. ಏರಿಯ ಉದ್ದಕ್ಕೆ ಬಿಟ್ಟ ಬಿರುಕು ಮೈ ಜಾರುವ ಮುನ್ಸೂಚನೆ ಇರಬಹುದು. ಅಡ್ಡಲಾಗಿ, ಕೆರೆಯಿಂದ ಹೊರಕ್ಕೆ ಸಾಗಿದ ಬಿರುಕು ಇನ್ನೂ ಕೆಟ್ಟದ್ದು, ನೀರು ಆ ಮಟ್ಟಕ್ಕೆ ಬಂದ ದಿನ ನೇರ ದಾರಿ ಸಿಕ್ಕಂತೆ. ಎರೆಮಣ್ಣಿನ ಏರಿಗಳಲ್ಲಿ ಬೇಸಿಗೆಯ ಬಿರುಕು ಮಾಮೂಲಿ, ಆದರೂ ಕಡ್ಡಿ ಇಳಿಸಿ ಆಳ ನೋಡಿ, ತಳದವರೆಗೆ ಅಗೆದು ಪದರ ಪದರವಾಗಿ ತುಂಬಿ.

ಮಳೆಗಾಲಕ್ಕೆ ಮೊದಲೇ ಕೆರೆ ಖಾಲಿ ಮಾಡಿಟ್ಟರೆ ಊರಿಗೆ ಪ್ರವಾಹ ತಪ್ಪುತ್ತದಲ್ಲವೇ? — ಬೆಂಗಳೂರು ಹೊರವಲಯದ ಓದುಗರು

ತಕ್ಕಮಟ್ಟಿಗೆ. 40 ಹೆಕ್ಟೇರ್ ಕೆರೆಯನ್ನು ಒಂದು ಮೀಟರ್ ಇಳಿಸಿಟ್ಟರೆ 4 ಲಕ್ಷ ಘನ ಮೀಟರ್, ಸುಮಾರು 14 ಎಂಸಿಎಫ್‌ಟಿ (ದಶಲಕ್ಷ ಘನ ಅಡಿ) ಜಾಗ ಸಿಗುತ್ತದೆ. ಹತ್ತು ಚದರ ಕಿ.ಮೀ. ಜಲಾನಯನದ ಮೇಲೆ 100 ಮಿ.ಮೀ. ಮಳೆ ಬಿದ್ದು ಅರ್ಧ ಹರಿದು ಬಂದರೆ 5 ಲಕ್ಷ ಘನ ಮೀಟರ್. ಐದರಲ್ಲಿ ನಾಲ್ಕು ಪಾಲು ಕೆರೆಯೇ ನುಂಗುತ್ತದೆ. ಕೋಡಿವರೆಗೆ ತುಂಬಿದ ಕೆರೆ ಬಂದ ನೀರನ್ನು ಸ್ವಲ್ಪ ನಿಧಾನಿಸಿ ಬಿಡಬಲ್ಲದು, ಅಷ್ಟೇ.

ತೊಡಕು ಎರಡು. ನಗರದ ಅಂಚಿನ ಎಷ್ಟೋ ಕೆರೆಗಳ ಅಚ್ಚುಕಟ್ಟು ಲೇಔಟ್ ಆಗಿ, ತೂಬು ಮುಚ್ಚಿಹೋಗಿದೆ. ಇಳಿಸಲು ದಾರಿಯೇ ಇಲ್ಲ. ದಾರಿ ಇದ್ದರೂ ಅವಸರ ಸಲ್ಲದು. ಮಟ್ಟ ದಿನಕ್ಕೆ 30 ಸೆಂ.ಮೀ.ಗಿಂತ ಹೆಚ್ಚು ಇಳಿಯದಂತೆ ನೋಡಿಕೊಳ್ಳಿ, ಹಳೆಯ ಏರಿಗೆ ಅದರ ಅರ್ಧ. ಏರಿಯ ಮಣ್ಣಿನೊಳಗಿನ ನೀರು ಕೆರೆಯಷ್ಟು ಬೇಗ ಇಳಿಯುವುದಿಲ್ಲ. ಒಳಮೈಗೆ ಆಸರೆಯಾಗಿದ್ದ ಕೆರೆಯ ನೀರು ಹೋಗಿ, ನೆನೆದ ಭಾರದ ಒಳಮೈ ಕೆರೆಯೊಳಕ್ಕೇ ಜಾರುತ್ತದೆ. ಏರಿ ಒಡೆಯುವ ಸ್ಥಿತಿಯಲ್ಲಿದ್ದಾಗ ಮಾತ್ರ ಈ ಮಿತಿ ಮೀರಬಹುದು.

ಹಳೇ ಮೈಸೂರು ಭಾಗದಲ್ಲಿ ದೊಡ್ಡ ಮಳೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಖಾಲಿ ಜಾಗ ಕಾಯ್ದುಕೊಂಡರೆ ಬೋಟಿನವರಿಗೆ ನಷ್ಟ. ಒಂದೇ ನೀರಿನಲ್ಲಿ ಪ್ರವಾಹ ತಡೆ, ಬೇಸಾಯ, ವಿಹಾರ ಮೂರನ್ನೂ ತುಂಬುಮಟ್ಟದಲ್ಲಿ ಮಾಡಲಾಗದು. ತಿಂಗಳವಾರು ಮಟ್ಟವನ್ನು ಗ್ರಾಮಸಭೆಯಲ್ಲಿ ನಿಗದಿ ಮಾಡಿ, ತೂಬಿನ ಕಂಬದ ಮೇಲೆ ಬಣ್ಣದ ಗೆರೆ ಎಳೆಯಿರಿ.

ಮಾರ್ಕೋನಹಳ್ಳಿ ಜಲಾಶಯದಲ್ಲಿ ಗೇಟು ತೆರೆಯದೆಯೇ ನೀರು ಒಮ್ಮೆಲೇ ನುಗ್ಗುತ್ತದಂತೆ. ಹೇಗೆ? — ಕಾಲೇಜು ವಿದ್ಯಾರ್ಥಿ, ಕುಣಿಗಲ್

ಶಿಂಷಾ ನದಿಗೆ ಕಟ್ಟಿದ ಆ ಜಲಾಶಯದ ನಡುವೆ 139 ಮೀಟರ್ ಕಲ್ಲು ಕಟ್ಟಡ, ಇಕ್ಕೆಲದಲ್ಲಿ ಮಣ್ಣಿನ ಏರಿ. ಹೆಚ್ಚುವರಿ ನೀರು ಹೋಗುವುದು ಸ್ವಯಂಚಾಲಿತ ಸೈಫನ್‌ಗಳಿಂದ. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಈ ಬಗೆಯ ಸೈಫನ್‌ಗಳು ಶರಾವತಿ ನದಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲೂ ಇದ್ದವು. ಗುಮ್ಮಟದ ಕೆಳಗೆ ಆಲಿಕೆಯಂಥ ಬಾಯಿ. ನೀರು ಅದರ ಅಂಚು ದಾಟಿದಾಗ ಒಳಗಿನ ತಿರುವು ರೆಕ್ಕೆಗಳಿಂದ ಸುರುಳಿಯಾಗಿ ಸುತ್ತುತ್ತಾ ಒಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ. ಗಾಳಿ ಖಾಲಿಯಾದ ಕ್ಷಣ ಕೊಳವೆ ಪೂರ್ತಿ ತುಂಬಿ ಹರಿಯುತ್ತದೆ. ಸಣ್ಣ ಧಾರೆ ನೋಡನೋಡುತ್ತಲೇ ಪ್ರವಾಹವಾಗುತ್ತದೆ. ಜಲಾಶಯ ಇಳಿದು ಗಾಳಿ ಒಳಸೇರಿದಾಗ ತಾನೇ ನಿಲ್ಲುತ್ತದೆ. ಗೇಟು ಎತ್ತಲು ಆಳು ಬೇಡ, ಕರೆಂಟು ಬೇಡ. ಏರಿಯ ದೃಷ್ಟಿಯಿಂದ ಬಲು ಒಳ್ಳೆಯ ಏರ್ಪಾಡು. ಕೆಳಗೆ ನೀರಾಟಕ್ಕೆ ಇಳಿದವರಿಗೆ ಮಾತ್ರ ಯಮ. 2025ರ ಅಕ್ಟೋಬರಿನಲ್ಲಿ ವಿಹಾರಕ್ಕೆ ಬಂದವರು ಅಲ್ಲಿ ಹೀಗೆಯೇ ಕೊಚ್ಚಿಹೋದರು. ಜಲಾಶಯ ತುಂಬಿರುವಾಗ ಸೈಫನ್ನಿನ ಕೆಳಪಾತ್ರಕ್ಕೆ, ನೀರು ಮೊಣಕಾಲಿನಷ್ಟೇ ಇದ್ದರೂ, ಇಳಿಯಬೇಡಿ.

ಹೂಳು ತೆಗೆಯುವಾಗ ಅದೇ ಮಣ್ಣನ್ನು ಏರಿಗೆ ಹಾಕಬಹುದೇ? — ರೈತ ಮಹಿಳೆ, ಚಿತ್ರದುರ್ಗ

ಹೂಳು ಹೊಲಕ್ಕೆ ಚಿನ್ನ, ಏರಿಗೆ ಕೆಟ್ಟದ್ದು. ಕೊಳೆತ ಎಲೆ, ಬೇರು, ಸಾವಯವ ಅಂಶ ಅದರಲ್ಲಿ ಹೆಚ್ಚು. ಒಣಗಿದಾಗ ಸೀಳುತ್ತದೆ, ನೆನೆದಾಗ ಜಾರುತ್ತದೆ. ಏರಿಗೆ ಜೇಡಿ ಬೆರೆತ ಕೆಂಪು ಮಣ್ಣು ಬೇಕು. ಅಗೆತವೂ ಒಳಬುಡದಿಂದ ಏರಿಯ ಎತ್ತರದ ಐದು ಪಟ್ಟು ದೂರದಲ್ಲಿರಲಿ. ಏರಿಯ ಬುಡದಲ್ಲಿ ಕುಳಿತ ಹೂಳೇ ಜಿನುಗು ತಡೆಯುವ ಹಾಸು, ಅದನ್ನು ಜೆಸಿಬಿ ಕೆರೆದು ತೆಗೆದ ಮೇಲೆ ಹೊಸದಾಗಿ ಸೋರತೊಡಗಿದ ಕೆರೆಗಳಿವೆ.

ಮಣ್ಣು ಹಾಕುವ ಮೊದಲು ಹಳೆಯ ಮೈಯ ಹುಲ್ಲು ಕೆತ್ತಿ, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ನೀರು ಚಿಮುಕಿಸಿ. ಇಳಿಜಾರಿನ ಮೇಲೆ ಸುಮ್ಮನೆ ಸುರಿದ ಮಣ್ಣು ಮೊದಲ ಮಳೆಗೇ ಜಾರುತ್ತದೆ. ಪದರ 20–25 ಸೆಂ.ಮೀ. ಸಡಿಲ ಮಣ್ಣು, ರೋಲರ್ 8ರಿಂದ 12 ಸಲ ಓಡಿ ಸುಮಾರು 15 ಸೆಂ.ಮೀ.ಗೆ ಇಳಿಯಬೇಕು. ತೇವದ ಪರೀಕ್ಷೆಗೆ ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಅಂಟಿದರೆ ಹೆಚ್ಚಾಗಿದೆ, ಎರಡು ಮೂರು ಹೋಳಾದರೆ ಹದ. ಒಂದು ಮೀಟರ್ ಎತ್ತರಕ್ಕೆ ಒಳಮೈ ಎರಡೂವರೆ ಮೀಟರ್, ಹೊರಮೈ ಎರಡು ಮೀಟರ್ ಅಡ್ಡಕ್ಕೆ ಚಾಚುವಂತೆ ಇಳಿಜಾರಿರಲಿ.

ಅಣೆಕಟ್ಟು ಸುರಕ್ಷತಾ ಕಾಯ್ದೆ ನಮ್ಮ ಊರ ಕೆರೆಗೂ ಅನ್ವಯಿಸುತ್ತದೆಯೇ? — ವಕೀಲರು, ಶಿವಮೊಗ್ಗ

2021ರ ಕಾಯ್ದೆ 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ. 10ರಿಂದ 15 ಮೀಟರ್ ಎತ್ತರದವಕ್ಕೆ ಉದ್ದ 500 ಮೀಟರಾದರೂ ಇರಬೇಕು, ಅಥವಾ ಸಂಗ್ರಹ 10 ಲಕ್ಷ ಘನ ಮೀಟರಾದರೂ ಇರಬೇಕು ಎಂಬಂಥ ಷರತ್ತುಗಳಿವೆ. ಬಹುಪಾಲು ಊರ ಕೆರೆಗಳು ಇದರಾಚೆ ಉಳಿಯುತ್ತವೆ. ಏರಿ ನೋಡಲು ಕಾಯ್ದೆಯಂತೆ ಯಾರೂ ಬರುವುದಿಲ್ಲ ಎಂದಿಟ್ಟುಕೊಂಡೇ ಮಳೆಗಾಲಕ್ಕೆ ಮುಂಚೆ ಒಮ್ಮೆ, ಕೆರೆ ತುಂಬಿದ ಮೇಲೆ ವಾರಕ್ಕೊಮ್ಮೆ ಹೊರಬುಡದಲ್ಲಿ ನಡೆದು ಬನ್ನಿ. ಎಲ್ಲರೂ ನೆತ್ತಿಯ ಮೇಲೆ ನಡೆಯುತ್ತಾರೆ. ನೋಡಬೇಕಾದ್ದು ಕೆಳಗಿದೆ.

ಜೋರು ಮಳೆಯ ರಾತ್ರಿ ನೀರು ಏರಿಯ ನೆತ್ತಿ ಮುಟ್ಟುತ್ತಿದ್ದರೆ ಊರವರು ಮೊದಲು ಏನು ಮಾಡಬೇಕು? — ಸ್ವಸಹಾಯ ಸಂಘದ ಸದಸ್ಯೆ, ರಾಮನಗರ

ಕೆಳಗಿನ ಮನೆಗಳವರನ್ನು ಎಬ್ಬಿಸಿ ಎತ್ತರಕ್ಕೆ ಕಳಿಸಿ, 112ಕ್ಕೆ ಕರೆಮಾಡಿ. ಕೆಳಗಿನ ಸರಣಿಯ ಊರುಗಳಿಗೂ ಸುದ್ದಿ ಮುಟ್ಟಲಿ. ಆಮೇಲೆ ಕೋಡಿಯಲ್ಲಿ ಸಿಕ್ಕಿಕೊಂಡ ಕಸ, ಬಲೆ, ಮೂಟೆ ಕೀಳಿಸಿ, ಆದರೆ ನೀರಿಗೆ ಇಳಿಯದೆ, ದಡದಿಂದ ಕೊಕ್ಕೆ ಹಾಕಿ. ತೂಬು ಪೂರ್ತಿ ತೆರೆಯಿರಿ. ನೆತ್ತಿಯ ತಗ್ಗು ಜಾಗಗಳಿಗೆ ಮಾತ್ರ ಮೂಟೆ ಇಡಿ, ಪ್ಲಾಸ್ಟಿಕ್ ಹಾಳೆ ಹೊದಿಸಿ. ಏರಿಯನ್ನು ನಡುವೆ ಎಲ್ಲೂ ಕಡಿಯಬೇಡಿ. ಕಡಿಯಲೇಬೇಕಾದರೆ ಎಂಜಿನಿಯರ್ ತೋರಿಸಿದ ಕಡೆ, ಕೋಡಿಯ ಪಕ್ಕದ ಗಟ್ಟಿ ನೆಲದಲ್ಲಿ, ನೀರು ಹಳ್ಳಕ್ಕೇ ಸೇರುವಂತೆ. ಹೊರಮೈಯಲ್ಲಿ ನೀರು ಹರಿಯತೊಡಗಿದ ಮೇಲೆ ಏರಿಯ ಮೇಲೆ ಒಬ್ಬರೂ ನಿಲ್ಲಬಾರದು.